ನಲವತ್ತರ ಮೇಲೆ ಜಪಾನೀಸ್: ಯಾವ ಕ್ಲಾಸಿಗೆ ಸೇರಬೇಕು?

ಬಿಡದಿ ಕಡೆ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ನನ್ನ ಕೆಲಸ. ಜಪಾನಿನಿಂದ ಆಡಿಟ್‌ಗೆ ಬರುವವರು ನಮ್ಮ ಲೈನ್ ಮುಂದೆ ನಿಂತು ಐದು ನಿಮಿಷ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಆಮೇಲೆ ದುಭಾಷಿ ನಮ್ಮ ಕಡೆ ತಿರುಗಿ "ಓಕೆ ಅಂತೆ" ಅನ್ನುತ್ತಾರೆ. ಐದು ನಿಮಿಷದ ಮಾತು ಒಂದು "ಓಕೆ" ಹೇಗಾಯಿತು ಅನ್ನುವ ಕುತೂಹಲಕ್ಕೇ 41ನೇ ವಯಸ್ಸಿನಲ್ಲಿ ಮತ್ತೆ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿದ್ದ ಹುಡುಗ ಎರಡನೇ ಪಿಯುಸಿ. ನನ್ನನ್ನು ಸೆನ್ಸೆ ಅಂದುಕೊಂಡು ಎದ್ದು ನಿಂತಿದ್ದ. ಸೆನ್ಸೆ ಅಂದರೆ ಮೇಷ್ಟ್ರು.

ಅದಾಗಿ ನಾಲ್ಕು ವರ್ಷ. ಈ ನಾಲ್ಕು ವರ್ಷದಲ್ಲಿ ಮೂರು ತರಹದ ಕ್ಲಾಸಿಗೆ ದುಡ್ಡು ಕಟ್ಟಿದ್ದೇನೆ, ಒಂದು ಕಡೆ ಟೋಪಿ ಹಾಕಿಸಿಕೊಂಡಿದ್ದೇನೆ, ಒಂದು ಪರೀಕ್ಷೆಯಲ್ಲಿ ಫೇಲಾಗಿದ್ದೇನೆ. ಆಫೀಸಿನಲ್ಲಿ ಯಾರಿಗಾದರೂ ಜಪಾನೀಸ್ ಕಲಿಯುವ ಆಸೆ ಹುಟ್ಟಿದರೆ ಈಗ ನೇರ ನನ್ನ ಟೇಬಲ್ ಹತ್ತಿರ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು "ಎಲ್ಲಿ ಚೆನ್ನಾಗಿ ಹೇಳಿಕೊಡ್ತಾರೆ?" ಅಂತ. ನನ್ನ ಪ್ರಕಾರ ಅದು ಎರಡನೇ ಮಾತು. ಪಾಠ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಬಹಳಷ್ಟು ಕ್ಲಾಸುಗಳಲ್ಲಿ "ಮಿನ್ನ ನೊ ನಿಹೊಂಗೊ" ಅನ್ನುವ ಪುಸ್ತಕವೇ ಇರುತ್ತದೆ. ಆರಂಭದ ಮಟ್ಟಕ್ಕೆ ಎರಡು ಭಾಗ, ಒಂದೊಂದರಲ್ಲಿ 25 ಪಾಠ. ಹಾಗಾಗಿ ಕ್ಲಾಸು ಆರಿಸುವಾಗ ನಾನು ನೋಡುವುದು ಮೂರೇ. ವಾರಕ್ಕೆ ಎಷ್ಟು ನಿಮಿಷ ನನ್ನ ಬಾಯಿ ಬಿಡಿಸುತ್ತಾರೆ? ನಾನು ಬರದಿದ್ದರೆ ಯಾರಾದರೂ ಫೋನ್ ಮಾಡುತ್ತಾರಾ? ಅರ್ಥವಾಗದಿದ್ದಾಗ ಯಾವ ಭಾಷೆಯಲ್ಲಿ ಬಿಡಿಸಿ ಹೇಳುತ್ತಾರೆ?

ಮಕ್ಕಳಿಗೆ ಇದೆಲ್ಲ ಬೇಕಿಲ್ಲ. ಅವರನ್ನು ಸ್ಕೂಲಿಗೆ ಕಳಿಸಲು ಅಪ್ಪ ಅಮ್ಮ ಇರುತ್ತಾರೆ. ನಮ್ಮನ್ನು ಕಳಿಸುವವರು ಯಾರು? ಮೊದಲ ತಿಂಗಳು ಹುರುಪು, ಎರಡನೇ ತಿಂಗಳು ಹೊಸ ನೋಟ್‌ಬುಕ್ಕು. ಮೂರನೇ ತಿಂಗಳಲ್ಲಿ ಅತ್ತೆ ಮನೆಯ ಗೃಹಪ್ರವೇಶ, ಕ್ವಾರ್ಟರ್ ಎಂಡ್, ಮಗಳ ಪರೀಕ್ಷೆ ಎಲ್ಲ ಒಟ್ಟಿಗೆ ಬರುತ್ತವೆ. ನನ್ನ ಮೊದಲ ಬ್ಯಾಚಿನಲ್ಲಿ 22 ಜನ ಇದ್ದೆವು. ಮೂರನೇ ತಿಂಗಳು ಮುಗಿಯುವ ಹೊತ್ತಿಗೆ ಒಂಬತ್ತು.

ಮೊದಲು ಗಂಟೆಯ ಲೆಕ್ಕ

ಜಪಾನೀಸ್ ಕಲಿತವರನ್ನು ಅಳೆಯುವ ದೊಡ್ಡ ಪರೀಕ್ಷೆ ಜೆಎಲ್‌ಪಿಟಿ. 1984ರಿಂದ ನಡೆಯುತ್ತಿದೆ. ಮೊದಲು ನಾಲ್ಕು ಹಂತ ಇತ್ತು, 2010ರಲ್ಲಿ ಐದಾಯಿತು. ಎನ್5 ಎಲ್ಲಕ್ಕಿಂತ ಕೆಳಗಿನದು, ಎನ್1 ಮೇಲಿನದು. ನಾಲ್ಕು ಹಂತದ ಕಾಲದಲ್ಲಿ ಯಾವುದಕ್ಕೆ ಎಷ್ಟು ಓದಿರಬೇಕು ಅಂತ ಅವರೇ ಒಂದು ಅಂದಾಜು ಕೊಡುತ್ತಿದ್ದರು. ಕೆಳಗಿನ ಹಂತಕ್ಕೆ 150 ಗಂಟೆ, ಸುಮಾರು 100 ಕಂಜಿ, 800 ಪದ. ಅದರ ಮೇಲಿನದಕ್ಕೆ 300 ಗಂಟೆ, 300 ಕಂಜಿ, 1,500 ಪದ. ಆಮೇಲೆ 600 ಗಂಟೆ, 1,000 ಕಂಜಿ, 6,000 ಪದ. ಕೊನೆಯದಕ್ಕೆ 900 ಗಂಟೆ, 2,000 ಕಂಜಿ, 10,000 ಪದ. ಕಂಜಿ ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥ ಇರುವ ಅಕ್ಷರ. ಈಗ ಆ ಪಟ್ಟಿ ಕೊಡುವುದಿಲ್ಲ. ಆದರೆ ಎನ್5, ಎನ್4ಗೆ ಮೊದಲ ಎರಡು ಲೆಕ್ಕ, ಎನ್2, ಎನ್1ಗೆ ಕೊನೆಯ ಎರಡು ಲೆಕ್ಕ ಇಟ್ಟುಕೊಂಡರೆ ತಪ್ಪಿಲ್ಲ. ಎನ್3 ನಡುವೆ ಸೇರಿಸಿದ್ದು.

ಈ ಗಂಟೆಗಳೂ ಸ್ವಲ್ಪ ಉದಾರ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದೆ. ಕೆಲಸ ಮಾಡುವಷ್ಟು ಜಪಾನೀಸ್ ಬರಲು ಅವರು ಇಡುವ ಲೆಕ್ಕ 2,200 ಕ್ಲಾಸು ಗಂಟೆ. ವಾರಕ್ಕೆ ಆರು ಗಂಟೆ ಅಂದರೂ ಏಳು ವರ್ಷ ಆಯಿತು. ಹೆದರಬೇಡಿ, ಅದು ಇಂಗ್ಲಿಷ್ ಮನೆಮಾತಿನವರ ಲೆಕ್ಕ. ನಮಗೆ ಬೇರೆ ಅನುಕೂಲ ಇದೆ, ಮುಂದೆ ಹೇಳುತ್ತೇನೆ.

ಈ ಲೆಕ್ಕ ಯಾಕೆ ಬೇಕು ಅಂದರೆ, ಜಾಹೀರಾತು ಓದುವಾಗ ಉಪಯೋಗಕ್ಕೆ ಬರುತ್ತದೆ. ನಾನು ಮೊದಲು ಸೇರಿದ ಕಡೆ "ಆರು ತಿಂಗಳಲ್ಲಿ ಎನ್3" ಅಂತ ಬೋರ್ಡು ಹಾಕಿದ್ದರು. ಶನಿವಾರ ಎರಡು ಗಂಟೆ, ಭಾನುವಾರ ಎರಡು ಗಂಟೆ. 26 ವಾರಕ್ಕೆ ಎಷ್ಟಾಯಿತು? 104 ಗಂಟೆ. ಎನ್5ರ 150ಕ್ಕೂ ಸಾಲದು! ಕೂಡಿ ಗುಣಿಸುವ ಕೆಲಸವೇ ಮಾಡುವ ನಾನು ಅವತ್ತು ಅದನ್ನು ಮಾಡಲಿಲ್ಲ. ಪೂರ್ತಿ ಫೀಸು ಮುಂಗಡ ಕಟ್ಟಿದೆ. ಆರು ತಿಂಗಳಲ್ಲಿ ಮೂವರು ಸೆನ್ಸೆ ಬದಲಾದರು. ಒಬ್ಬೊಬ್ಬರೂ "ಮೊದಲಿಂದ ನೋಡೋಣ" ಅಂತ ಶುರು ಮಾಡಿದರು. ಹಾಗಾಗಿ ನಾನು ಒಂದನೇ ಪಾಠವನ್ನು ಮೂರು ಸಲ ಬಹಳ ಚೆನ್ನಾಗಿ ಕಲಿತೆ.

ನಿಮ್ಮ ಕನ್ನಡಕ್ಕೆ ಜಾಗ ಇದೆಯಾ?

ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ. ಯಾಕೆಂದರೆ ಕ್ಲಾಸು ಆರಿಸುವವರು ಯಾರೂ ಇದನ್ನು ವಿಚಾರಿಸುವುದಿಲ್ಲ.

"ವತಶಿ ವ ಗಕ್ಕೋ ನಿ ಇಕಿಮಸು." ನಾನು ಶಾಲೆಗೆ ಹೋಗುತ್ತೇನೆ. 'ಗಕ್ಕೋ' ಶಾಲೆ, 'ನಿ' ಅಂದರೆ ನಮ್ಮ 'ಗೆ', 'ಇಕಿಮಸು' ಹೋಗುತ್ತೇನೆ. ಪದದ ಕೆಳಗೆ ಪದ ಇಟ್ಟು ಬರೆಯಬಹುದು, ಅದಲುಬದಲು ಮಾಡಬೇಕಿಲ್ಲ. ಕ್ರಿಯಾಪದ ಕೊನೆಗೆ, ವಿಭಕ್ತಿ ಪದದ ಹಿಂದೆ. "ನಿನ್ನೆ ಕೊಂಡ ಪುಸ್ತಕ" ಅನ್ನುವುದು "ಕಿನೋ ಕತ್ತ ಹೊನ್". ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೋದರೆ ಪುಸ್ತಕ ಮುಂದೆ ಬರಬೇಕು, ನಿನ್ನೆ ಕೊನೆಗೆ ಹೋಗಬೇಕು. ಇಂಗ್ಲಿಷ್ ಮೂಲಕ ಕಲಿಯುವ ನಾವು ಏನು ಮಾಡುತ್ತೇವೆ ಗೊತ್ತಾ? ಕನ್ನಡದಲ್ಲಿ ನೆಟ್ಟಗಿದ್ದ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ, ಮತ್ತೆ ಜಪಾನೀಸ್‌ಗೆ ತಿರುಗಿಸುತ್ತೇವೆ. ಸುಮ್ನೆ ಎರಡು ಸಲ ಸುತ್ತು.

ಇನ್ನೂ ಮಜಾ ಇದೆ. 'ತಬೆತೆ' ಅಂದರೆ ತಿಂದು, 'ಮಿರು' ಅಂದರೆ ನೋಡು. "ತಬೆತೆ ಮಿರು" ಅಂದರೆ ತಿಂದು ನೋಡುವುದು! ರುಚಿ ನೋಡುವುದಕ್ಕೆ ಅವರೂ 'ನೋಡು' ಅನ್ನುತ್ತಾರೆ. "ತಬೆತೆ ಶಿಮತ್ತ" ಅಂದರೆ ತಿಂದುಬಿಟ್ಟೆ. ಆ 'ಬಿಟ್ಟೆ'ಯಲ್ಲಿರುವ ಅಯ್ಯೋ ಅನ್ನುವ ಭಾವ 'ಶಿಮತ್ತ'ದಲ್ಲೂ ಇದೆ. "ಕತ್ತೆ ಒಕು" ಅಂದರೆ ಕೊಂಡಿಡು. ಹೌದು, 'ಕತ್ತೆ' ಅಂದರೆ 'ಕೊಂಡು'. ಮೊದಲ ದಿನ ನಗು ತಡೆಯಲು ಆಗಲಿಲ್ಲ. "ಒಶಿಯೆತೆ ಕುದಸೈ" ಅಂದರೆ ಹೇಳಿಕೊಡಿ, ಅಲ್ಲೂ ಕೊನೆಗೆ ಬರುವುದು 'ಕೊಡಿ'ಯೇ. "ಕುರು ತೊ ಇತ್ತ" ಅಂದರೆ ಬರುತ್ತೇನೆ ಅಂತ ಹೇಳಿದ. ಆ 'ತೊ' ನಮ್ಮ 'ಅಂತ'. ಕ್ಲಾಸಿನಲ್ಲಿ ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಸೆನ್ಸೆ ಅರ್ಧ ಗಂಟೆ ಒದ್ದಾಡಿದರು. ಹಾಸನದಿಂದ ಬಂದಿದ್ದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ "ಅದು ನಮ್ಮ 'ಅಂತ' ಅಲ್ವಾ?" ಅಂದಳು. ಮುಗಿಯಿತು.

ಜನರನ್ನು ಎಣಿಸುವಾಗ ನಾವು 'ಎರಡು ಜನ' ಅನ್ನದೆ 'ಇಬ್ಬರು' ಅನ್ನುತ್ತೇವೆ. ಅವರಿಗೂ ಒಬ್ಬರಿಗೆ 'ಹಿತೊರಿ', ಇಬ್ಬರಿಗೆ 'ಫುತರಿ' ಅಂತ ಬೇರೆ ಪದ ಇದೆ. ಇದು, ಅದು ಅನ್ನಲು 'ಕೊರೆ', 'ಅರೆ'. ನಡುವಿನದಕ್ಕೆ 'ಸೊರೆ' ಅಂತ ಇನ್ನೊಂದು. ಹಳಗನ್ನಡದಲ್ಲಿ ನಮಗೂ ನಡುವಿನದಕ್ಕೆ 'ಉದು' ಇತ್ತು, ಕಳೆದುಕೊಂಡೆವು.

ಅಕ್ಷರದ ಸಾಲು ನೋಡಿ. ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ವರ್ಣಮಾಲೆಯ ನೆರಳು ಕಾಣುತ್ತದೆ ಅಲ್ವಾ? ಬೌದ್ಧ ಭಿಕ್ಷುಗಳು ಸಂಸ್ಕೃತ ಓದಲು ಸಿದ್ಧಂ ಲಿಪಿ ಕಲಿಯುತ್ತಿದ್ದರು. ಆ ಜೋಡಣೆಯೇ ಅಲ್ಲಿ ಉಳಿದುಕೊಂಡಿದೆ. ಉಚ್ಚಾರಣೆ ಬರೆಯುವ ಅಕ್ಷರಮಾಲೆ ಎರಡು: ಹಿರಗನ 46, ಕತಕನ 46. ಎರಡು ವಾರದಲ್ಲಿ ಬರುತ್ತವೆ.

ಇಲ್ಲಿ ನನ್ನದೊಂದು ಹಟ. ಆ ಎರಡು ವಾರ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಡಿ, ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರ ನೋಡಿ ನಾವೆಲ್ಲ 'ಅರಿಗಾಟೋ' ಅನ್ನುತ್ತೇವೆ. ಅದು 'ಅರಿಗತೋ'. ಜಪಾನೀಸ್‌ನಲ್ಲಿ 'ಟ' ಇಲ್ಲವೇ ಇಲ್ಲ. 'ಒಬಸಾನ್' ಅಂದರೆ ಅತ್ತೆ, ಚಿಕ್ಕಮ್ಮ. 'ಒಬಾಸಾನ್' ಅಂದರೆ ಅಜ್ಜಿ. ಒಂದು ದೀರ್ಘದಲ್ಲಿ ಮೂವತ್ತು ವರ್ಷ ವಯಸ್ಸು ಏರುತ್ತದೆ. ಒ, ಓ, ಎ, ಏ, ಒತ್ತಕ್ಷರ ಎಲ್ಲ ನಮ್ಮ ಲಿಪಿಯಲ್ಲಿ ಬೇರೆಬೇರೆ ಇವೆ. ಇಷ್ಟು ಅನುಕೂಲವನ್ನು ಇಟ್ಟುಕೊಂಡು ಯಾಕೆ ಪರದಾಡಬೇಕು?

ಹಾಗಂತ ಎಲ್ಲ ಸಲೀಸು ಅಲ್ಲ. ಕಂಜಿಯಲ್ಲಿ ಕನ್ನಡ ಏನೂ ಸಹಾಯ ಮಾಡುವುದಿಲ್ಲ. ದಿನಬಳಕೆಯ ಕಂಜಿ ಅಂತ ಅಲ್ಲಿನ ಸರ್ಕಾರ ಗುರುತಿಸಿರುವುದೇ 2,136. 'ವತಶಿ ವ' ಅನ್ನುವಲ್ಲಿ ಇರುವಂತೆ ಪದಕ್ಕೆ ಅಂಟುವ 'ವ' ಎಲ್ಲಿ ಹಾಕಬೇಕು, ಅದರ ಬದಲು 'ಗ' ಎಲ್ಲಿ ಹಾಕಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಧ ಅಂದಾಜು. ಗೌರವದ ಮಾತಿನಲ್ಲಿ ನಮಗೆ ನೀನು, ನೀವು, ತಾವು ಇದ್ದರೆ ಅವರಿಗೆ ಕ್ರಿಯಾಪದವೇ ಬೇರೆಯಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ಕನ್ನಡವೋ ತಮಿಳೋ ತೆಲುಗೋ ಬಲ್ಲ ಸೆನ್ಸೆ ಸಿಕ್ಕರೆ ನಿಮ್ಮ ವ್ಯಾಕರಣದ ಹೊರೆ ಅರ್ಧ ಇಳಿಯುತ್ತದೆ. ಜಪಾನಿನವರೇ ಕಲಿಸುತ್ತಾರೆ ಅನ್ನುವುದು ದೊಡ್ಡ ಅಕ್ಷರದಲ್ಲಿ ಬೋರ್ಡಿನ ಮೇಲಿರುತ್ತದೆ. ಆರಂಭದಲ್ಲಿ ಅದು ಅಷ್ಟು ಮುಖ್ಯ ಅಲ್ಲ. ಎನ್4 ದಾಟಿದ ಮೇಲೆ, ಮಾತಿನ ಲಯ ಹಿಡಿಯಲು, ಅವರೇ ಬೇಕು.

ವಿಶ್ವವಿದ್ಯಾಲಯದ ಸರ್ಟಿಫಿಕೇಟ್ ಕೋರ್ಸ್

ಬೆಂಗಳೂರಿನಲ್ಲಿ ವಿದೇಶಿ ಭಾಷೆ ಕಲಿಯುವವರು ಹಿಂದಿನಿಂದ ಹೋಗುತ್ತಿದ್ದುದು ಸೆಂಟ್ರಲ್ ಕಾಲೇಜಿನ ಆವರಣಕ್ಕೆ. ಪಕ್ಕದ ಮೆಟ್ರೋ ಸ್ಟೇಷನ್ನಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಅವರು 1898ರಲ್ಲೇ ಜಪಾನಿಗೆ ಹೋಗಿ ಬಂದಿದ್ದರು. ಅಲ್ಲಿಗೆ ಇಳಿದಾಗೆಲ್ಲ ನನಗೆ ಅದು ನೆನಪಾಗುತ್ತದೆ.

ವಿಶ್ವವಿದ್ಯಾಲಯದ ಕೋರ್ಸುಗಳು ಸರ್ಟಿಫಿಕೇಟ್, ಡಿಪ್ಲೊಮಾ ಅಂತ ವರ್ಷ ವರ್ಷ ಏರುತ್ತ ಹೋಗುತ್ತವೆ. ಸಾಮಾನ್ಯವಾಗಿ ಪಿಯುಸಿ ಆಗಿದ್ದರೆ ಸಾಕು. ಖಾಸಗಿಯವರಿಗೆ ಹೋಲಿಸಿದರೆ ಫೀಸು ಕಡಿಮೆ. ಹಾಜರಿ ಇದೆ, ಇಂಟರ್ನಲ್ಸ್ ಇದೆ, ಹಾಲ್ ಟಿಕೆಟ್ ಇದೆ. ನಗಬೇಡಿ, ಈ ಹಾಲ್ ಟಿಕೆಟ್ಟೇ ಕೆಲವರನ್ನು ಮೂರನೇ ತಿಂಗಳು ದಾಟಿಸುತ್ತದೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಮನೆಯಲ್ಲಿ "ಕ್ಲಾಸು" ಅಂದರೆ ಯಾರೂ ಬಿಡುತ್ತಿರಲಿಲ್ಲ. "ಯೂನಿವರ್ಸಿಟಿ ಪರೀಕ್ಷೆ" ಅಂದ ಮೇಲೆ ಅವರಮ್ಮನೇ ಬೆಳಿಗ್ಗೆ ಕಾಫಿ ಮಾಡಿ ಎಬ್ಬಿಸತೊಡಗಿದರು.

ಇಂಥ ಕೋರ್ಸಿನ ಸಮಸ್ಯೆ ಮಾತು. ಬರೆಯುವ ಪರೀಕ್ಷೆ ಇದ್ದ ಕಡೆ ಪಾಠ ಬರೆಯುವ ಕಡೆಗೇ ವಾಲುತ್ತದೆ, ಅದು ಯಾವ ಊರಿನಲ್ಲಾದರೂ ಅಷ್ಟೇ. ಪ್ರವೇಶ ವರ್ಷಕ್ಕೊಮ್ಮೆ, ತಪ್ಪಿದರೆ ಮುಂದಿನ ವರ್ಷ. ಸಮಯ ಅವರು ಇಟ್ಟದ್ದೇ. ಬಿಡದಿಯಲ್ಲಿ ಶಿಫ್ಟ್ ಮಾಡುವ ನನಗೆ ಹೊಂದಲಿಲ್ಲ. ಊರ ನಡುವೆ ಆಫೀಸಿರುವವರಿಗೆ ಹೊಂದಬಹುದು.

ಖಾಸಗಿ ಬ್ಯಾಚು, ಮನೆ ಕ್ಲಾಸು

ಖಾಸಗಿಯಲ್ಲಿ ಎರಡು ಜಾತಿ. ಒಂದು ಎಸಿ ಹಾಕಿದ, ಕೌನ್ಸೆಲರ್ ಇರುವ ದೊಡ್ಡ ಸಂಸ್ಥೆ. ಇನ್ನೊಂದು, ಜಪಾನಿನಲ್ಲಿ ಕೆಲವು ವರ್ಷ ಇದ್ದು ಬಂದ ಯಾರೋ ಒಬ್ಬರು ತಮ್ಮ ಮನೆಯ ಹಾಲಿನಲ್ಲೋ ಮಹಡಿಯಲ್ಲೋ ಏಳೆಂಟು ಜನರಿಗೆ ನಡೆಸುವ ಕ್ಲಾಸು.

ಬಾಯಿಯ ನಿಮಿಷ ಲೆಕ್ಕ ಹಾಕೋಣ. 90 ನಿಮಿಷದ ಕ್ಲಾಸು, 20 ಜನ. ಸೆನ್ಸೆ ಒಂದು ಮಾತೂ ಆಡದಿದ್ದರೂ ನಿಮಗೆ ಸಿಗುವುದು ನಾಲ್ಕೂವರೆ ನಿಮಿಷ. ಅವರು ಅರ್ಧ ಹೊತ್ತು ಮಾತಾಡಿದರೆ ಎರಡು ನಿಮಿಷದ ಮೇಲೆ ಸ್ವಲ್ಪ. ಎಂಟು ಜನ ಇದ್ದರೆ ಅದೇ ಲೆಕ್ಕದಲ್ಲಿ ಐದೂವರೆ ನಿಮಿಷ. ಫೀಸನ್ನು ಗಂಟೆಯಿಂದ ಭಾಗಿಸುವವರು ಇದನ್ನೂ ಒಂದು ಸಲ ಭಾಗಿಸಿ ನೋಡಿ. ಅಗ್ಗದ ದೊಡ್ಡ ಬ್ಯಾಚು ಅಷ್ಟೇನೂ ಅಗ್ಗ ಅಲ್ಲ ಅಂತ ಗೊತ್ತಾಗುತ್ತದೆ.

ನನ್ನನ್ನು ಉಳಿಸಿದ್ದು ಎರಡನೇ ಜಾತಿ. ಜಯನಗರದ ಒಂದು ಮಹಡಿ ಮನೆ, ಏಳು ಜನ. ಸೆನ್ಸೆಗೆ ಅರವತ್ತರ ಹತ್ತಿರ, ಮೈಸೂರು ಕಡೆಯವರು. ಒಂದು ಕ್ಲಾಸು ತಪ್ಪಿಸಿದರೆ ಸಂಜೆ ಫೋನು: "ಏನಪ್ಪಾ, ಹುಷಾರಿಲ್ವಾ?" ಎರಡು ಕ್ಲಾಸು ತಪ್ಪಿಸಿದರೆ ನನ್ನ ಹೆಂಡತಿಗೆ ಫೋನು. ಹೋಮ್‌ವರ್ಕ್ ಮಾಡದಿದ್ದರೆ ಎಲ್ಲರ ಮುಂದೆ "ಮಗಳು ಒಂಬತ್ತನೇ ಕ್ಲಾಸು ಅಲ್ವಾ, ಅವಳಿಗೆ ಏನು ಹೇಳ್ತೀಯ?" ಅನ್ನುವರು. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಾನು ಕಂಡಿಲ್ಲ.

ತೊಂದರೆಯೂ ಇದೆ. ಸೆನ್ಸೆಗೆ ಜ್ವರ ಬಂದರೆ ಕ್ಲಾಸಿಗೂ ಜ್ವರ. ಅವರು ಮಗನ ಮನೆಗೆ ಅಂತ ತಿಂಗಳುಗಟ್ಟಲೆ ಹೋದರೆ ಎಲ್ಲ ನಿಂತಿತು. ಮೇಲಿನ ಹಂತಕ್ಕೆ ಬ್ಯಾಚು ಸೇರುವಷ್ಟು ಜನ ಸಿಗುವುದಿಲ್ಲ. ಎನ್4 ನಂತರ ನಾವು ಉಳಿದದ್ದು ಇಬ್ಬರೇ.

ದೊಡ್ಡ ಸಂಸ್ಥೆಗೇ ಸೇರುವುದಾದರೆ ಫೀಸನ್ನು ಕಂತಿನಲ್ಲಿ ಕಟ್ಟಿ. ಒಂದೇ ಸಲ ಕಟ್ಟಿದರೆ 20 ಪರ್ಸೆಂಟ್ ಬಿಡ್ತೀವಿ ಅನ್ನುತ್ತಾರೆ. ಆ 20 ಪರ್ಸೆಂಟ್ ಹೋಗಲಿ ಬಿಡಿ. ಡೆಮೋ ಕ್ಲಾಸು ತಗೊಳ್ಳುವ ಸೆನ್ಸೆಯೇ ನಮ್ಮ ಬ್ಯಾಚಿಗೂ ಬರುತ್ತಾರಾ ಅಂತ ಕೇಳಿ. ಡೆಮೋಗೆ ಸ್ಟಾರು, ಬ್ಯಾಚಿಗೆ ನಿನ್ನೆ ಎನ್3 ಪಾಸಾದ ಹುಡುಗ, ಹೀಗೂ ಆಗುತ್ತದೆ. ಆರು ತಿಂಗಳಲ್ಲಿ ಎಷ್ಟನೇ ಪಾಠಕ್ಕೆ ಬರುತ್ತೇವೆ ಅಂತಲೂ ಕೇಳಿ. 25ನೇ ಪಾಠ ಮುಗಿದರೆ ಎನ್5 ಹತ್ತಿರ, 50 ಮುಗಿದರೆ ಎನ್4 ಹತ್ತಿರ. ಪಾಠದ ನಂಬರ್ ಹೇಳಲು ತಡವರಿಸಿದರೆ ಕಾಫಿ ಕುಡಿದು ಎದ್ದು ಬನ್ನಿ.

ಒಬ್ಬರಿಗೊಬ್ಬರು, ಆನ್‌ಲೈನ್

ಈಗ ನಾನಿರುವುದು ಇಲ್ಲಿ. ವಾರಕ್ಕೆ ಎರಡು ದಿನ, ರಾತ್ರಿ ಒಂಬತ್ತರಿಂದ ಅರ್ಧರ್ಧ ಗಂಟೆ. ಗಂಟೆ ಲೆಕ್ಕದಲ್ಲಿ 700 ರೂಪಾಯಿ ಬೀಳುತ್ತದೆ. ಬಾಯಿಗೆ ಕನಿಷ್ಠ 15 ನಿಮಿಷ ಸಿಗುತ್ತದೆ, ಹಾಗಾಗಿ ಯಾವ ಬ್ಯಾಚಿಗಿಂತಲೂ ಇದು ಲಾಭ. ಒಂದು ಗಂಟೆ ಒಂದೇ ಸಲ ಬೇಡ. ದಿನವಿಡೀ ಕೆಲಸ ಮಾಡಿ ಬಂದ ತಲೆ 40 ನಿಮಿಷದ ಮೇಲೆ ಬರೀ 'ಹೈ, ಹೈ' ಅನ್ನುತ್ತಿರುತ್ತದೆ, ಅಂದರೆ ಹೌದು, ಹೌದು.

ಇಲ್ಲಿರುವ ದೊಡ್ಡ ಅಪಾಯ ಮುಂದೂಡುವುದು. "ಸೆನ್ಸೆ, ಇವತ್ತು ಆಗಲ್ಲ" ಅಂತ ಒಂದು ಮೆಸೇಜು ಹಾಕಿದರೆ ಆಯಿತು, ಅವರೂ ಪಾಪ ಸರಿ ಅನ್ನುತ್ತಾರೆ. ಹಾಗಾಗಿ ತಿಂಗಳ ದುಡ್ಡು ಮೊದಲೇ ಕೊಟ್ಟು, ತಪ್ಪಿಸಿದರೆ ಆ ಪಾಠ ಹೋಯಿತು ಅಂತ ನಾನೇ ಅವರ ಹತ್ತಿರ ಮಾತಾಡಿಕೊಂಡಿದ್ದೇನೆ. ಹೊಸಬರಿಗೆ ಇದನ್ನು ಹೇಳುವುದಿಲ್ಲ. ಮೊದಲ ವರ್ಷ ಪಕ್ಕದಲ್ಲಿ ತಪ್ಪು ಮಾಡುವ ಇನ್ನೊಬ್ಬರು ಬೇಕು. ಒಬ್ಬರೇ ತಪ್ಪು ಮಾಡುತ್ತಾ ಕೂರುವುದು ಬೇಜಾರು.

ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಯಲ್ಲಿ ಇರುವವರಿಗೆ ಹತ್ತಿರದಲ್ಲಿ ಒಳ್ಳೆಯ ಕ್ಲಾಸು ಸಿಗದೆ ಹೋಗಬಹುದು. ಅವರು ಆನ್‌ಲೈನ್‌ನಲ್ಲೇ ನಾಲ್ಕು ಜನರ ಚಿಕ್ಕ ಬ್ಯಾಚು ಹುಡುಕುವುದು ಮೇಲು.

ಆಪು, ಉಚಿತ ಪಾಠ

ಜಪಾನ್ ಫೌಂಡೇಷನ್ ಅನ್ನುವುದು ಜಪಾನ್ ಸರ್ಕಾರದ ಬೆಂಬಲದ ಸಂಸ್ಥೆ. ಅವರ 'ಇರೊದೊರಿ' ಪುಸ್ತಕ, ಆಡಿಯೋ ಎಲ್ಲ ಉಚಿತವಾಗಿ ಇಳಿಸಿಕೊಳ್ಳಬಹುದು. 'ಮಿನತೊ' ಅಂತ ಅವರದೇ ಆನ್‌ಲೈನ್ ಪಾಠಶಾಲೆಯೂ ಇದೆ. ಅಂಗಡಿಗೆ ಹೋಗುವುದು, ಆಸ್ಪತ್ರೆಯಲ್ಲಿ ಹೇಳಿಕೊಳ್ಳುವುದು, ಕೆಲಸದ ಜಾಗದಲ್ಲಿ ವಿಚಾರಿಸುವುದು, ಹೀಗೆ ಬದುಕಿಗೆ ಬೇಕಾದ ಮಾತಿನಿಂದ 'ಇರೊದೊರಿ' ಶುರುವಾಗುತ್ತದೆ. ದುಡ್ಡು ಕೊಟ್ಟು ಕೊಂಡ ಕೆಲವು ಪುಸ್ತಕಗಳಿಗಿಂತ ಚೆನ್ನಾಗಿದೆ. ಕಂಜಿ ನೆನಪಿಡಲು 'ಆಂಕಿ' ಸಾಕು. ಆಂಡ್ರಾಯ್ಡ್ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಉಚಿತ. ಮರೆಯುವ ಹೊತ್ತಿಗೆ ಸರಿಯಾಗಿ ಅದೇ ಕಾರ್ಡು ಮತ್ತೆ ತೋರಿಸುತ್ತದೆ. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ 20 ನಿಮಿಷ ನನಗೆ ಅದೇ ಕೆಲಸ.

ಆದರೆ ಇದನ್ನೇ ನಂಬಿ ಕೂರಬೇಡಿ. ಜಯನಗರದ ಕ್ಲಾಸು ನಿಂತಿದ್ದ ಕಾಲದಲ್ಲಿ ನಾನು ಬರೀ ಪುಸ್ತಕ, ಆಪು ಅಂತ ಎಂಟು ತಿಂಗಳು ಕಳೆದು ಎನ್4 ಬರೆದೆ. ಒಟ್ಟು 180ಕ್ಕೆ 98 ಬಂತು. ಪಾಸಾಗಲು 90 ಸಾಕು. ಆದರೂ ಫೇಲು! ಕೇಳಿಸಿಕೊಳ್ಳುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು ಅನ್ನುವ ನಿಯಮ ಇದೆ. ನನಗೆ ಬಂದದ್ದು 17. ಎಂಟು ತಿಂಗಳು ಯಾರ ಜೊತೆಗೂ ಮಾತಾಡದವನ ಕಿವಿ ಏನು ಮಾಡೀತು?

ನಿಮ್ಮ ಕಂಪನಿಯೇ ಕ್ಲಾಸು ಇಟ್ಟಿದ್ದರೆ ಕಣ್ಣು ಮುಚ್ಚಿ ಸೇರಿ, ಅದಕ್ಕೆ ಹೋಲಿಕೆ ಬೇಕಿಲ್ಲ. ಮೀಟಿಂಗ್ ಬಂದಾಗೆಲ್ಲ ರದ್ದಾಗುತ್ತದೆ ಅನ್ನುವುದು ಮಾತ್ರ ನೆನಪಿರಲಿ.

ಅಲ್ಲಿಗೇ ಹೋಗಿ ಕಲಿಯುವುದು

ಜಪಾನಿನ ಭಾಷಾ ಶಾಲೆಗಳಲ್ಲಿ ವಾರಕ್ಕೆ 20 ಪೀರಿಯಡ್, ವರ್ಷಕ್ಕೆ ಕನಿಷ್ಠ 760. ಹೆಚ್ಚೆಂದರೆ ಎರಡು ವರ್ಷ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯಲ್ಲಿ ಪ್ರವೇಶ, ಅರ್ಜಿ ಸುಮಾರು ಅರ್ಧ ವರ್ಷ ಮೊದಲೇ. ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು. ಇಪ್ಪತ್ತೈದರ ಹುಡುಗರಿಗೆ ಇದಕ್ಕೆ ಸಮ ಇನ್ನೊಂದಿಲ್ಲ. ಇಎಂಐ, ಮಕ್ಕಳು, ವಯಸ್ಸಾದ ಅಪ್ಪ ಅಮ್ಮ ಇರುವವರಿಗೆ? "ಈ ವಯಸ್ಸಿನಲ್ಲಿ ಕೆಲಸ ಬಿಟ್ಟು ಯಾಕೆ?" ಅಂತ ಮನೆಯವರು ಕೇಳುವ ಪ್ರಶ್ನೆಯನ್ನೇ ವೀಸಾ ಕೊಡುವವರೂ ಕೇಳುತ್ತಾರೆ. ಕೆಲವು ಶಾಲೆಗಳು ನಾಲ್ಕರಿಂದ ಹನ್ನೆರಡು ವಾರದ ಚಿಕ್ಕ ಕೋರ್ಸು ನಡೆಸುತ್ತವೆ. ಎನ್4 ಆದ ಮೇಲೆ, ರಜೆ ಕೂಡಿಟ್ಟು ಒಂದು ತಿಂಗಳು ಹೋಗಿಬರುವುದು ನನ್ನ ಆಸೆ. ಏನೂ ಬರದೆ ಹೋದರೆ ಆ ದುಡ್ಡಿನಲ್ಲಿ ಹಿರಗನ ಕಲಿತು ಬರುತ್ತೀರಿ ಅಷ್ಟೇ.

ಪರೀಕ್ಷೆ ಬರೆಯಬೇಕಾ?

ಜೆಎಲ್‌ಪಿಟಿಯಲ್ಲಿ ಮಾತಾಡುವ ಪರೀಕ್ಷೆ ಇಲ್ಲ. ಬರೆಯುವುದೂ ಇಲ್ಲ. ಎಲ್ಲ ಗುರುತು ಹಾಕುವ ಪ್ರಶ್ನೆ. ಎನ್2 ಪಾಸಾಗಿ ಫೋನ್ ಎತ್ತಲು ಹೆದರುವವರನ್ನು ನೋಡಿದ್ದೇನೆ. ಎನ್5 ಕೂಡ ಬರೆಯದೆ ನಮ್ಮ ಸ್ಟೋರ್ಸಿನ ಫೋರ್‌ಮನ್ ಒಬ್ಬರು ಆಡಿಟರ್‌ಗಳ ಜೊತೆ ಹರಟೆ ಹೊಡೆಯುತ್ತಾರೆ. ಆದರೂ ಬರೆಯಿರಿ ಅನ್ನುತ್ತೇನೆ. ಕಾರಣ ಅದೇ, ಮೂರನೇ ತಿಂಗಳು. ಕ್ಯಾಲೆಂಡರಿನಲ್ಲಿ ಒಂದು ದಿನಾಂಕ ಇದ್ದರೆ ಕಾಲು ಎಳೆಯುತ್ತದೆ.

ನರ್ಸಿಂಗ್ ಕೇರ್, ಹೋಟೆಲ್, ಕೃಷಿ ಕೆಲಸಕ್ಕೆ ವಿಶೇಷ ಕುಶಲ ಕಾರ್ಮಿಕರ ವೀಸಾದಲ್ಲಿ ಹೋಗುವವರ ದಾರಿ ಬೇರೆ. ಅವರಿಗೆ ಎನ್4 ಇಲ್ಲವೇ 2019ರಲ್ಲಿ ಶುರುವಾದ ಜೆಎಫ್‌ಟಿ ಬೇಸಿಕ್ ಬೇಕು. ಅದು ಕಂಪ್ಯೂಟರ್ ಪರೀಕ್ಷೆ, 250ಕ್ಕೆ 200 ಬರಬೇಕು. ಅಂಥವರು 'ಇರೊದೊರಿ' ಬಳಸುವ ಕ್ಲಾಸನ್ನೇ ಹುಡುಕಲಿ, ಎರಡೂ ಒಂದೇ ಸಂಸ್ಥೆಯವು.

ಹಾಗಾದರೆ ಯಾರಿಗೆ ಯಾವುದು? ಹೊಸದಾಗಿ ಶುರು ಮಾಡುವವರು, ವಯಸ್ಸು ಎಷ್ಟೇ ಇರಲಿ, ಹತ್ತು ಜನಕ್ಕಿಂತ ಕಡಿಮೆ ಇರುವ ಮನೆ ಕ್ಲಾಸು ಹುಡುಕಿ. ಸಿಗದಿದ್ದರೆ ವಿಶ್ವವಿದ್ಯಾಲಯ. ನಿವೃತ್ತರಿಗಂತೂ ವಿಶ್ವವಿದ್ಯಾಲಯವೇ ಮೊದಲು, ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವೂ ಆಗುತ್ತದೆ. ಎನ್4 ಆದವರು ಬ್ಯಾಚು ಬಿಟ್ಟು ಒಬ್ಬರಿಗೊಬ್ಬರು ಪಾಠಕ್ಕೆ ಹೋಗಿ, ಆಗ ಸೆನ್ಸೆ ಜಪಾನಿನವರೇ ಇರಲಿ. ಮಕ್ಕಳ ಜೊತೆ ಅನಿಮೆ ನೋಡಲು ಮಾತ್ರ ಸಾಕು ಅನ್ನುವವರು ದುಡ್ಡು ಖರ್ಚು ಮಾಡಲೇಬೇಡಿ, ಉಚಿತ ಪಾಠ ಸಾಕು.

ಆ ಐದು ನಿಮಿಷದ ಮಾತು ಏನು ಅಂತ ಕೇಳುವಿರಿ. ಹೋದ ಆಡಿಟ್‌ನಲ್ಲಿ ಮುಕ್ಕಾಲು ಪಾಲು ಅರ್ಥವಾಯಿತು. ಮೊದಲ ಎರಡು ನಿಮಿಷ ಒಂದು ಗೇಜಿನ ಬಗ್ಗೆ. ಉಳಿದ ಮೂರು ನಿಮಿಷ, ಮಧ್ಯಾಹ್ನದ ಸಾಂಬಾರು ಹೋದ ಸಲದಷ್ಟೇ ಖಾರ ಇರುತ್ತದಾ ಅಂತ.

ಜೆಎಲ್‌ಪಿಟಿ ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತದೆ, ಬೆಂಗಳೂರಿನಲ್ಲೂ ಕೇಂದ್ರ ಇದೆ. ಅರ್ಜಿ ತಿಂಗಳುಗಳ ಮೊದಲೇ ಮುಗಿದುಹೋಗುತ್ತದೆ. ಜುಲೈಗೆ ಮಾರ್ಚಿನಿಂದ, ಡಿಸೆಂಬರಿಗೆ ಆಗಸ್ಟಿನಿಂದ ಕಣ್ಣಿಟ್ಟಿರಿ. ಸೀಟು ತುಂಬಿದರೆ ಚೆನ್ನೈಗೆ ರಾತ್ರಿ ಬಸ್ಸು ಹಿಡಿಯಬೇಕಾಗುತ್ತದೆ. ಎಚ್‌ಬಿ ಪೆನ್ಸಿಲ್ ಎರಡು ಇಟ್ಟುಕೊಳ್ಳಿ, ಒಂದನ್ನು ಪಕ್ಕದ ಪಿಯುಸಿ ಹುಡುಗ ಕೇಳೇ ಕೇಳುತ್ತಾನೆ.